ಬೊಳ್ಳಕ್ಕನ ಕ್ಯಾಸೆಟ್

ಅಮ್ಮನ ಸ್ವರ ಎಂದು ನಮ್ಮ ಬಳಿ ಉಳಿದಿರುವುದು ಒಂದೇ ಮಾತು. ಅದು ತಮ್ಮ ಸುಧಾಕರನ ಮೊಬೈಲಿನಲ್ಲಿದೆ. ಊಟದ ಹೊತ್ತಿಗೆ ಅವನು ಅಮ್ಮನ ಕಡೆಗೆ ಫೋನು ಹಿಡಿದಿದ್ದಾನೆ. ಅಮ್ಮ ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು, “ಸಾಕು ಮಾರಾಯ, ಅದನ್ನು ಒಳಗಿಡು, ಸಾರು ತಣಿಯುತ್ತದೆ” ಎನ್ನುತ್ತಾಳೆ. ಅಷ್ಟೇ. ಅವಳು ಹೋದ ಮೇಲೆ ಅದನ್ನು ನಾವು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಎಷ್ಟೋ ಸಲ ಕೇಳಿದೆವು. ಕೇಳಿದಷ್ಟೂ ನನಗೆ ಇದು ಅಮ್ಮನ ಸ್ವರ ಅಲ್ಲ ಎನ್ನಿಸುತ್ತದೆ. ಇದು ಅವಳು ಊರಿನ ಎದುರು ಆಡುತ್ತಿದ್ದ ಮಾತು, ಚಿಕ್ಕದು, ಬೇಗ ಮುಗಿಯುವುದು. ಅವಳಿಗೆ ಇನ್ನೊಂದು ಮಾತು ಇತ್ತು. ನನ್ನ ಸಣ್ಣ ಪ್ರಾಯದಲ್ಲಿ ಕೆಲವು ವರ್ಷ ಅದನ್ನು ನಾನು ಸಂಜೆ ಸಂಜೆ ಕೇಳಿದ್ದೇನೆ. ಅದನ್ನು ಯಾರೂ ಹಿಡಿದಿಡಲಿಲ್ಲ. ಹಿಡಿದಿಡುವ ಮಿಷನು ಅದೇ ಕೋಣೆಯಲ್ಲಿ, ಅವಳ ಎದುರಿಗೇ ಇತ್ತು.

ನಾವಿದ್ದದ್ದು ಪುತ್ತೂರಿನ ಕಡೆಯ ಕೊಯಿಲದ ಜಾನುವಾರು ಫಾರ್ಮಿನ ಕ್ವಾರ್ಟರ್ಸಿನಲ್ಲಿ. ಮನೆ ನಮ್ಮದಲ್ಲ, ಫಾರ್ಮಿನಲ್ಲಿ ಕರುಗಳ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪನಿಗೆ, ಅಂದರೆ ಅಪ್ಪನ ಅಣ್ಣನಿಗೆ, ಸರಕಾರ ಕೊಟ್ಟದ್ದು. ಅಪ್ಪ ಬಹರೈನಿಗೆ ಅಡಿಗೆ ಕೆಲಸಕ್ಕೆ ಹೋಗುವಾಗ ಅಮ್ಮನನ್ನೂ ನಮ್ಮಿಬ್ಬರನ್ನೂ ಅಲ್ಲಿ ಬಿಟ್ಟುಹೋಗಿದ್ದ. ಎದುರು ಒಂದು ಚಾವಡಿ, ಹಿಂದೆ ಎರಡು ಕೋಣೆ, ಕೊನೆಗೆ ಅಡಿಗೆಮನೆ. ಸುತ್ತಲೂ ಮರವಿಲ್ಲದ ಹುಲ್ಲುಗುಡ್ಡ. ಗಾಳಿ ಬಂದರೆ ಹುಲ್ಲಿನ ವಾಸನೆ, ಗಾಳಿ ತಿರುಗಿದರೆ ಕೊಟ್ಟಿಗೆಯ ವಾಸನೆ. ಮನೆಗೆ ಬಂದ ನೆಂಟರು ಮೂಗು ಮುಚ್ಚಿಕೊಂಡಾಗಲೇ ನಮಗೆ ಅದು ವಾಸನೆ ಎಂದು ಗೊತ್ತಾಗುತ್ತಿದ್ದದ್ದು. ಚಾವಡಿಯಲ್ಲಿ ಒಂದು ಬೆತ್ತದ ಕುರ್ಚಿ. ಅದು ದೊಡ್ಡಪ್ಪನದು. ಭಾವನ ಎದುರು ಅಮ್ಮ ಕುಳಿತದ್ದನ್ನು ನಾನು ಕಂಡಿಲ್ಲ. ಅವರು ಏನಾದರೂ ಕೇಳಿದರೆ ಅವಳು ದೊಡ್ಡಮ್ಮನ ಕಡೆ ನೋಡಿ ಉತ್ತರ ಹೇಳುವುದು, ದೊಡ್ಡಮ್ಮ ಅದನ್ನೇ ಅವರಿಗೆ ದಾಟಿಸುವುದು. ಜಗಳ ಏನೂ ಇರಲಿಲ್ಲ. ಮನೆಯ ಕ್ರಮವೇ ಹಾಗೆ ಇತ್ತು. ದೊಡ್ಡಪ್ಪ ಕೆಟ್ಟವರಲ್ಲ, ತಾಯಿ ಸತ್ತ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುವಾಗ ಅವರ ಮುಖ ಬೇರೆಯೇ ಆಗುತ್ತಿತ್ತು. ಮನೆಯೊಳಗೆ ಬಂದರೆ ಮಾತ್ರ ಅವರು ಮೇಸ್ತ್ರಿ.

ಅಪ್ಪ ಬಹರೈನಿನಲ್ಲಿ ಅಡಿಗೆ ಮಾಡುತ್ತಿದ್ದದ್ದು ಹಾಲೆಂಡಿನ ಒಬ್ಬ ಇಂಜಿನಿಯರರ ಮನೆಯಲ್ಲಿ. ಆ ಗಂಡ ಹೆಂಡತಿ ತಮ್ಮ ದೇಶಕ್ಕೆ ಹಿಂದೆ ಹೋಗುವಾಗ ಅಪ್ಪನಿಗೆ ತಮ್ಮ ವೀಡಿಯೋ ಮಿಷನನ್ನೂ ನಾಲ್ಕು ಕ್ಯಾಸೆಟ್ಟುಗಳನ್ನೂ ಕೊಟ್ಟರು. ಅಪ್ಪನೂ ಕೆಲಸ ಬಿಟ್ಟು ಊರಿಗೆ ಬಂದ. ಮಿಷನಿನ ಜೊತೆಗೆ ಒಂದು ಸಣ್ಣ ಕಲರ್ ಟೀವಿ. ಪೆಟ್ಟಿಗೆ ಬಿಚ್ಚುವ ದಿನ ಕ್ವಾರ್ಟರ್ಸಿನವರೆಲ್ಲ ಚಾವಡಿಯಲ್ಲಿ ಸೇರಿದ್ದರು. ಪುತ್ತೂರಿನಲ್ಲಿ ಆಗಷ್ಟೇ ವೀಡಿಯೋ ಅಂಗಡಿ ಬಂದಿತ್ತು. ಇನ್ನು ನಮ್ಮ ಮನೆಯಲ್ಲಿ ದಿನಾ ಸಿನಿಮಾ ಎಂದು ಎಲ್ಲರೂ ತೀರ್ಮಾನಿಸಿ ಆಗಿತ್ತು. ಮರುದಿನ ಅಪ್ಪ ನನ್ನನ್ನೂ ಕರೆದುಕೊಂಡು ಪುತ್ತೂರಿಗೆ ಹೋದ, ಅಳತೆಗೆ ಇರಲಿ ಎಂದು ನಮ್ಮದೊಂದು ಕ್ಯಾಸೆಟ್ಟನ್ನೂ ಚೀಲದಲ್ಲಿ ಹಾಕಿಕೊಂಡು. ಅಂಗಡಿಯವರು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು.

“ಇದೆಂತ ಮಾರಾಯ್ರೆ, ಎರಡು ಬದಿಯಲ್ಲೂ ಒಂದು, ಎರಡು ಅಂತ ಬರೆದುಂಟು?”

“ಒಂದು ಬದಿ ಮುಗಿದ್ರೆ ತಿರುಗಿಸಿ ಹಾಕುದು. ಹಾಡಿನ ಕ್ಯಾಸೆಟ್ ಹಾಗೆ.”

“ವೀಡಿಯೋ ತಿರುಗಿಸ್ಲಿಕ್ಕೆ ಅದೆಂತ ನೀರ್ದೋಸೆಯಾ?”

“ನೀರ್ದೋಸೆ ತಿರುಗಿಸುದಿಲ್ಲ,” ಎಂದ ಅಪ್ಪ. ಅಡಿಗೆಯ ವಿಷಯದಲ್ಲಿ ಅವನು ತಪ್ಪನ್ನು ಬಿಟ್ಟುಕೊಡುವವನಲ್ಲ.

ಅಂಗಡಿಯವರು ನಕ್ಕರು. ಆದರೆ ಅವರ ಗೋಡೆಯ ತುಂಬ ಇದ್ದ ಒಂದು ಕ್ಯಾಸೆಟ್ಟೂ ನಮ್ಮದರ ಅಳತೆಗೆ ಇರಲಿಲ್ಲ. ಸುಳ್ಯದಲ್ಲಿ ಕೇಳಿದರೂ ಹಾಗೆಯೇ ಆಯಿತು. ಅಲ್ಲಿಯವರಂತೂ, “ನಿಮ್ಮದು ಜಾತಿ ಬೇರೆ” ಎಂದು ಕೈಗೇ ತೆಗೆದುಕೊಳ್ಳಲಿಲ್ಲ.

ಆ ಜಾತಿಯ ಕಥೆಯನ್ನು ನಾನು ಎಷ್ಟೋ ವರ್ಷಗಳ ಮೇಲೆ ತಿಳಿದುಕೊಂಡೆ. ಅದರ ಹೆಸರಿನಲ್ಲಿ ಎರಡು ಸಾವಿರ ಎಂಬ ಅಂಕೆ ಇತ್ತು. ಆ ಇಸವಿಯವರೆಗೆ ಬಾಳುತ್ತದೆ ಎಂಬ ನಂಬಿಕೆಯಿಂದಲೋ ಏನೋ ಹಾಗೆ ಕರೆದಿರಬೇಕು; ಅರ್ಧ ದಾರಿಯಲ್ಲೇ ನಿಂತುಹೋಯಿತು. ಯುರೋಪಿನವರು ಮಾಡಿದ್ದು. ಕೆಲಸದಲ್ಲಿ ಬೇರೆಯವಕ್ಕಿಂತ ಕಡಿಮೆ ಏನಲ್ಲ. ಎರಡು ಬದಿಯೂ ಉಪಯೋಗಕ್ಕೆ ಬರುತ್ತಿತ್ತು. ಚಿತ್ರವನ್ನು ನಡುವೆ ನಿಲ್ಲಿಸಿದರೆ ಬೇರೆ ಮಿಷನುಗಳಲ್ಲಿ ಗೆರೆ ಗೆರೆಯಾಗಿ ನಡುಗುತ್ತಿತ್ತಂತೆ. ನಮ್ಮದರಲ್ಲಿ ಫೋಟೋದ ಹಾಗೆ ನಿಲ್ಲುತ್ತಿತ್ತು. ಆದರೆ ಅದು ಬರುವ ಹೊತ್ತಿಗೆ ಜಪಾನಿನವರ ಎರಡು ಬಗೆ ಆಗಲೇ ಬಂದು ಕೂತಿದ್ದವು. ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಅವೇ ತುಂಬಿದ್ದವು. ಜನ ಮಿಷನು ತೆಗೆದುಕೊಳ್ಳುವುದು ಅಂಗಡಿಯಲ್ಲಿ ಯಾವ ಕ್ಯಾಸೆಟ್ಟು ಸಿಗುತ್ತದೆ ಎಂದು ನೋಡಿ. ಕೊನೆಗೆ ಇದನ್ನು ಮಾಡಿದವರೇ ಇದನ್ನು ಬಿಟ್ಟು ಬೇರೆಯದನ್ನು ಮಾಡತೊಡಗಿದರು. ನಮ್ಮ ಚಾವಡಿಗೆ ಬಂದದ್ದು ಹಾಗೆ ದಾರಿಯಲ್ಲಿ ಉಳಿದುಹೋದ ಒಂದು ವಸ್ತು.

ಹಾಗಾಗಿ ನಮಗೆ ಉಳಿದದ್ದು ಆ ನಾಲ್ಕು ಕ್ಯಾಸೆಟ್ಟು. ಇಂಜಿನಿಯರರ ಹೆಂಡತಿಯ ತಂಗಿ ಹಾಲೆಂಡಿನ ಟೀವಿಯಲ್ಲಿ ಬಂದದ್ದನ್ನು ಹಿಡಿದು ಅಕ್ಕನಿಗೆ ಬೇಸರ ಕಳೆಯಲೆಂದು ಕಳಿಸಿದವು. ಒಂದರಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜನ ಜಾರುವುದು. ಇನ್ನೆರಡರಲ್ಲಿ ಕೋಟು ಹಾಕಿದವರು ಮೇಜಿನ ಸುತ್ತ ಕುಳಿತು ಮಾತಾಡುವುದು. ನಾಲ್ಕನೆಯದರಲ್ಲಿ ಒಬ್ಬ ಹೆಂಗಸು ಅಡಿಗೆ ಮಾಡುವುದು. ತಿರುಗಿಸಿ ಹಾಕಿದರೆ ಕಪ್ಪು ಬಿಳುಪಿನ ದೊಡ್ಡ ಕೆಚ್ಚಲಿನ ದನಗಳು. ದನಗಳ ಬದಿಯನ್ನು ನೋಡಲು ಫಾರ್ಮಿನವರು ಒಂದೆರಡು ಸಲ ಬಂದರು. ಹಾಲು ಎಷ್ಟಿರಬಹುದು ಎಂದು ಚರ್ಚೆ ಮಾಡಿ ಹೋದರು. ಮತ್ತೆ ಯಾರೂ ಬರಲಿಲ್ಲ. ಶಾಲೆಯಲ್ಲಿ ನಮಗೆ ದನದ ವೀಡಿಯೋದವರು ಎಂದು ಹೆಸರಾಯಿತು. ಅಪ್ಪ ಹತ್ತಿರದ ಸವಣೂರಿನಲ್ಲಿ ಒಂದು ಸಣ್ಣ ಹೋಟೆಲು ಹಾಕಿ ಬೆಳಗ್ಗೆ ಹೋಗಿ ಸಂಜೆ ಬರತೊಡಗಿದ. ಮಿಷನಿನ ಮೇಲೆ ದೊಡ್ಡಮ್ಮ ಕಸೂತಿಯ ಬಟ್ಟೆ ಹೊದೆಸಿದರು.

ಆ ಬಟ್ಟೆಯನ್ನು ತೆಗೆದವಳು ಅಮ್ಮ. ಅಥವಾ ನಾವು ಕಾಡಿ ತೆಗೆಸಿದೆವು. ದೊಡ್ಡಪ್ಪ ಸಂಜೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಹೋದರೆ ಬರುವಾಗ ಕತ್ತಲಾಗುತ್ತಿತ್ತು. ಆ ಬಿಡುವಿನಲ್ಲಿ ನಾನೂ ಸುಧಾಕರನೂ ಅಡಿಗೆಯ ಹೆಂಗಸನ್ನು ಹಾಕಿ ಕುಳಿತಿದ್ದೆವು. ಹಳದಿ ಕೂದಲು, ಗೆರೆಗೆರೆಯ ಏಪ್ರನ್, ತುಂಬು ತೋಳು. ಹಿಟ್ಟು ನಾದುತ್ತಾ ನಮ್ಮನ್ನೇ ನೋಡಿಕೊಂಡು ಏನೋ ಹೇಳುತ್ತಿದ್ದಳು. ಅಮ್ಮ ಬಾಗಿಲ ಬಳಿ ನೆಲದಲ್ಲಿ ಕುಳಿತು ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಸುಧಾಕರ ಕೇಳಿದ:

“ಅಮ್ಮ, ಅವಳು ಎಂತ ಹೇಳುದು?”

ಅಮ್ಮ ತಲೆ ಎತ್ತಿ ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಅಕ್ಕಿಯ ಕಡೆ ನೋಡಿಕೊಂಡೇ, ಆದರೆ ನಾನು ಯಾವತ್ತೂ ಕೇಳದ ಒಂದು ದಪ್ಪ ಸ್ವರದಲ್ಲಿ, ಶುರು ಮಾಡಿದಳು:

“ಎಂತ ಹೇಳುದಾ? ‘ನೋಡಿ ಮಾರಾಯ್ರೆ, ಈ ಹಿಟ್ಟು ನಾದಿ ನಾದಿ ನನ್ನ ರಟ್ಟೆ ಬಿದ್ದುಹೋಯ್ತು. ಈ ಊರಿನವರು ಮೂರು ಹೊತ್ತೂ ರೊಟ್ಟಿ ತಿನ್ನುದು. ಒಂದು ದಿನ ಗಂಜಿ ಬೇಯಿಸುವ ಅಂದ್ರೆ ಕುಚ್ಚಲಕ್ಕಿ ಇಲ್ಲ. ನನ್ನನ್ನು ಮದುವೆ ಮಾಡಿ ಕೊಡುವಾಗ ಅಪ್ಪ ಇದೊಂದು ವಿಚಾರಿಸ್ಲಿಲ್ಲ’ ಅಂತ.”

ನಾವು ಬಿದ್ದು ಬಿದ್ದು ನಕ್ಕೆವು. ಅಡಿಗೆಮನೆಯಿಂದ ದೊಡ್ಡಮ್ಮ, “ಏ ವಾರಿಜ, ಯಾರು ಬಂದದ್ದು?” ಎಂದು ಕೇಳುತ್ತಾ ಕೈ ಒರೆಸಿಕೊಂಡು ಬಂದರು. ಅಮ್ಮ ಟೀವಿಯ ಕಡೆ ತೋರಿಸಿ, “ಬೊಳ್ಳಕ್ಕ” ಎಂದಳು. ನಮ್ಮ ಮನೆಮಾತು ತುಳು, ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಬೊಳ್ಳಕ್ಕ ಎಂದರೆ ಬಿಳಿಯ ಅಕ್ಕ. ಆ ಹೆಸರು ಹಾಗೆಯೇ ನಿಂತಿತು.

ಅಮ್ಮನ ಅಪ್ಪ ಸುಳ್ಯದ ಕಡೆಯವರು, ಬೇಸಾಯದ ನಡುವೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿ ನಿಲ್ಲಿಸಿದರೆ ಬಿಳಿ ಪಂಚೆ ಉಟ್ಟು ಕುಳಿತವರು ಆಗಲೇ ಹುಟ್ಟಿದ ಮಾತಿನಲ್ಲಿ ಭೀಷ್ಮನೋ ಕರ್ಣನೋ ಆಗಬೇಕು. ಅಮ್ಮ ಹುಡುಗಿಯಾಗಿದ್ದಾಗ ಬಾಗಿಲ ಹಿಂದೆ ಕುಳಿತು ಅದನ್ನೆಲ್ಲ ಕೇಳಿದ್ದಳಂತೆ. ಆಗ ಆ ಕಡೆ ಹೆಂಗಸರು ಅರ್ಥ ಹೇಳುವ ರೂಢಿ ಇರಲಿಲ್ಲ. ಕೇಳಿದ್ದೆಲ್ಲ ಒಳಗೇ ಉಳಿದಿತ್ತು. ಅದಕ್ಕೆ ಕುಳಿತುಕೊಳ್ಳಲು ಒಂದು ಜಾಗ ಬೇಕಿತ್ತು, ಹಾಲೆಂಡಿನ ಹೆಂಗಸಿನ ಬಾಯಿ ಸಿಕ್ಕಿತು.

ಆಮೇಲೆ ಹೆಚ್ಚಿನ ಸಂಜೆಗಳಲ್ಲಿ ಬೊಳ್ಳಕ್ಕನ ಪ್ರಸಂಗ ನಡೆಯುತ್ತಿತ್ತು. ಸ್ವರವನ್ನು ಪೂರ್ತಿ ತಗ್ಗಿಸಿ ಚಿತ್ರ ಮಾತ್ರ ಇಡುವುದು. ನನಗೆ ನಿಲ್ಲಿಸುವ ಬಟನಿನ ಕೆಲಸ. ಬೊಳ್ಳಕ್ಕ ಮರದ ಸೌಟನ್ನು ಎತ್ತಿದಾಗ ಅಮ್ಮ, “ನಿಲ್ಲಿಸು” ಎನ್ನುವಳು. ಆ ಕೈ ಗಾಳಿಯಲ್ಲಿ ಅಲುಗದೆ ನಿಲ್ಲುತ್ತಿತ್ತು. ಅಷ್ಟು ಹೊತ್ತು ಅಮ್ಮನ ಮಾತು ಹರಿಯುತ್ತಿತ್ತು. ಬೊಳ್ಳಕ್ಕನಿಗೆ ಒಬ್ಬ ಗಂಡ ಹುಟ್ಟಿದ. ಅವನು ಕೊಲ್ಲಿಗೆ ಹೋದವನು, ವರ್ಷಕ್ಕೊಮ್ಮೆ ಬರುವವನು, ಬಂದ ದಿನವೇ ಸಾರಿಗೆ ಉಪ್ಪು ಕಡಿಮೆ ಎನ್ನುವವನು. ಒಬ್ಬ ಭಾವ ಹುಟ್ಟಿದ. ಅವನಿಗೆ ದನದ ಭಾಷೆ ಎಲ್ಲ ಬರುತ್ತದೆ, ಹೆಂಗಸರ ಭಾಷೆ ಬಾರದು. ಹೀಗೆ ಹೇಳಿದ ದಿನ ದೊಡ್ಡಮ್ಮ ನಗು ತಡೆಯಲಾರದೆ ಸೆರಗು ಕಚ್ಚಿಕೊಂಡು ಹಿತ್ತಿಲಿಗೆ ಓಡಿದರು. ಎಲ್ಲವೂ ತಮಾಷೆಯಾಗಿರಲಿಲ್ಲ. ಬೊಳ್ಳಕ್ಕ ಒಲೆಯೊಳಗೆ ರೊಟ್ಟಿ ಇಟ್ಟು ಕೈಕಟ್ಟಿ ನಿಲ್ಲುವ ಒಂದು ಜಾಗ ಇತ್ತು. ಅಲ್ಲಿ ಅಮ್ಮನ ಸ್ವರ ಇಳಿಯುತ್ತಿತ್ತು. “‘ಇನ್ನು ಎಂತ ಮಾಡುದು? ಕಾಯುದು. ಬೇಯುವಾಗ ಮುಟ್ಲಿಕ್ಕೆ ಆಗುದಿಲ್ಲ, ಬಿಟ್ಟು ಹೋಗ್ಲಿಕ್ಕೂ ಆಗುದಿಲ್ಲ. ನಾನು ಹೀಗೆ ನಿಂತದ್ದನ್ನು ನೋಡಿ ಎಲ್ಲರೂ ಇವಳಿಗೆ ಕೆಲಸ ಇಲ್ಲ ಅಂತ ತಿಳಿಯುದು.’” ನನಗೆ ಆಗ ಅದು ಅರ್ಥವಾಗದಿದ್ದರೂ, ಸುಧಾಕರನ ಕೈ ಹಿಡಿದುಕೊಂಡು ಕುಳಿತಿರುತ್ತಿದ್ದೆ.

ಅಪ್ಪ ಆ ಹೊತ್ತಿಗೆ ಚಾವಡಿಯಲ್ಲಿ ಕೂರುತ್ತಿರಲಿಲ್ಲ. ಹೋಟೆಲಿನಿಂದ ಬಂದು ಕಾಲು ತೊಳೆದು, “ನೀವು ನೋಡಿ, ಗಂಜಿ ನಾನು ನೋಡಿಕೊಳ್ತೇನೆ” ಎಂದು ಅಡಿಗೆಮನೆಗೆ ಹೋಗುವನು. ದಿನವಿಡೀ ಅಡಿಗೆ ಮಾಡಿ ಬಂದವನು ಮತ್ತೆ ಒಲೆಯ ಎದುರು ಯಾಕೆ ಕೂರುತ್ತಾನೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಅವನಿಗೆ ಬೊಳ್ಳಕ್ಕ ಎಂದರೆ ಬೇಸರ ಎಂದು ತಿಳಿದಿದ್ದೆ. ಅಷ್ಟು ವರ್ಷ ಇಂಜಿನಿಯರರ ಮನೆಯಲ್ಲಿ ಅವಳನ್ನೇ ನೋಡಿ ಸಾಕಾಗಿರಬೇಕು.

ನಮ್ಮ ಗುಡ್ಡದ ಮೇಲೂ ಟೀವಿ ಸಿಗತೊಡಗಿದ ಮೇಲೆ ದೊಡ್ಡಪ್ಪ ಉದ್ದದ ಕಂಬ ಹಾಕಿಸಿದರು. ಮಂಜು ಮಂಜಾಗಿಯಾದರೂ ಭಾನುವಾರ ಸಿನಿಮಾ ಕಾಣುತ್ತಿತ್ತು. ಬಂದದ್ದನ್ನು ಹಿಡಿದಿಡುವ ಸಾಮರ್ಥ್ಯ ನಮ್ಮ ಮಿಷನಿಗೆ ಉಂಟು ಎಂಬುದು ಆಗ ಎಲ್ಲರಿಗೂ ನೆನಪಾಯಿತು. ಹೊಸ ಕ್ಯಾಸೆಟ್ಟು ಎಲ್ಲೂ ಸಿಗದು; ಇದ್ದುದರ ಮೇಲೆಯೇ ಹಿಡಿಯಬೇಕು. ಮೊದಲು ನೀರಿನ ಮೇಲೆ ಜಾರುವವರು ಅಳಿಸಿಹೋದರು. ಆಮೇಲೆ ಕೋಟಿನವರು. ಆ ಮೂರರಲ್ಲಿ ಒಂದು ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡು ಹರಿಯಿತು. ಉಳಿದ ಎರಡರ ಸಿನಿಮಾಗಳನ್ನು ಬಂದವರೆಲ್ಲ ನೋಡಿ ಮುಗಿಸಿದರು, ಅಳಿಸಲು ಮಾತ್ರ ದೊಡ್ಡಪ್ಪ ಬಿಡಲಿಲ್ಲ. ಬೊಳ್ಳಕ್ಕನೊಬ್ಬಳೇ ಉಳಿದಳು. ಒಂದು ಮಧ್ಯಾಹ್ನ ಗಂಡಸರು ಊಟಕ್ಕೆ ಕುಳಿತಿದ್ದಾಗ ದೊಡ್ಡಪ್ಪ ಹೇಳಿದರು:

“ಮುಂದಿನ ವಾರ ಕಡಬದಿಂದ ನಿನ್ನ ಅತ್ತಿಗೆಯ ಅಣ್ಣನವರು ಬರ್ತಾರೆ. ಈ ಭಾನುವಾರದ್ದು ಒಳ್ಳೆ ಸಿನಿಮಾ ಅಂತೆ. ಆ ಅಡಿಗೆಯವಳ ಮೇಲೆ ಹಿಡಿ.”

ಅಮ್ಮ ಬಡಿಸುತ್ತಿದ್ದಳು. ಸೌಟು ಸಾರಿನ ಪಾತ್ರೆಯ ಮೇಲೆ ನಿಂತಿತು, ಬೊಳ್ಳಕ್ಕನ ಸೌಟು ನಿಲ್ಲುವ ಹಾಗೆ.

“ಆಗ್ಬಹುದು ಅಣ್ಣ,” ಎಂದ ಅಪ್ಪ, ತಲೆ ಎತ್ತದೆ.

“ಅದನ್ನು ಇಟ್ಟುಕೊಂಡು ಎಂತ ಮಾಡುದು? ನಾವೆಂತ ರೊಟ್ಟಿ ತಿನ್ನುವವರಾ?”

“ಇಲ್ಲ ಇಲ್ಲ. ಹಿಡಿಯುವ.”

ಅಮ್ಮ ಬಡಿಸಿ ಮುಗಿಸಿದಳು. ಎರಡು ದಿನ ಸಂಜೆ ಮಿಷನಿನ ಮೇಲಿನ ಬಟ್ಟೆ ತೆಗೆಯಲಿಲ್ಲ. ನಾನು ಬೇಡಿಕೊಂಡೆ, ಅಪ್ಪನಿಗೆ ಹೇಳು, ಬೇಡ ಅಂತ ಹೇಳು ಎಂದೆ. “ದೊಡ್ಡವರು ಹೇಳಿ ಆಯ್ತಲ್ಲ” ಎಂದಳು, ತೀರ ಸಣ್ಣ ಸ್ವರದಲ್ಲಿ. ಭಾನುವಾರ ಬೆಳಗ್ಗೆ ಅವಳು ಚಾವಡಿ ಗುಡಿಸಲು ಹೋದಾಗ ನಾನು ಹಿಂದೆಯೇ ಹೋದೆ. ಅವಳು ಬೊಳ್ಳಕ್ಕನ ಕ್ಯಾಸೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ತಲೆಯಿಂದ ಒಂದು ಪಿನ್ನು ತೆಗೆದು, ಅದರ ಅಂಚಿನಲ್ಲಿದ್ದ ಸಣ್ಣ ಬಿರಡೆಯನ್ನು ತಳ್ಳಿದಳು. ತಿರುಗಿಸಿ ಇನ್ನೊಂದು ಬದಿಯದನ್ನೂ ತಳ್ಳಿದಳು. ಆ ಬಿರಡೆ ತಳ್ಳಿದರೆ ಅದರ ಮೇಲೆ ಬೇರೆಯದನ್ನು ಹಿಡಿಯಲು ಮಿಷನು ಒಪ್ಪುವುದಿಲ್ಲ. ಪೆಟ್ಟಿಗೆ ಬಿಚ್ಚಿದ ದಿನ ಅಪ್ಪ ಎಲ್ಲವನ್ನೂ ವಿವರಿಸುವಾಗ ಅದನ್ನೂ ಹೇಳಿದ್ದ. ಎಲ್ಲರೂ ಮರೆತಿದ್ದರು, ಅವಳು ಮರೆತಿರಲಿಲ್ಲ. ಪಿನ್ನನ್ನು ತಲೆಗೆ ಸಿಕ್ಕಿಸಿಕೊಂಡು ನನ್ನನ್ನು ನೋಡಿದಳು. ನಾನು ಯಾರಿಗೂ ಹೇಳಲಿಲ್ಲ.

ಸಂಜೆ ಚಾವಡಿ ತುಂಬ ಜನ. ಸಿನಿಮಾ ಶುರುವಾಗುವ ಹೊತ್ತಿಗೆ ಅಪ್ಪ ಕ್ಯಾಸೆಟ್ಟು ಹಾಕಿ ಬಟನು ಒತ್ತಿದ. ಬಟನು ಟಕ್ಕೆಂದು ಮೇಲೆ ಬಂತು. ಮತ್ತೆ ಒತ್ತಿದ. ಮತ್ತೆ ಟಕ್ಕೆಂದಿತು. ಕ್ಯಾಸೆಟ್ಟನ್ನು ಹೊರಗೆ ತೆಗೆದು, ತಿರುಗಿಸಿ ನೋಡಿ, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿದ. ಆಗಲಿಲ್ಲ.

“ಎಂತ ಆಯ್ತಾ?” ದೊಡ್ಡಪ್ಪ ಕುರ್ಚಿಯಿಂದಲೇ ಕೇಳಿದರು.

“ಹಿಡಿಯುದಿಲ್ಲ ಅಣ್ಣ. ಒಳಗೆ ಎಂತದೋ ಹೋಗಿದೆ.”

“ನೀನು ತಂದದ್ದಲ್ವಾ. ಸರಿ ಇದ್ರೆ ಆ ಇಂಜಿನಿಯರ ನಿನಗೆ ಯಾಕೆ ಕೊಡ್ತಾನೆ?”

ಜನ ನಕ್ಕರು. ಅಪ್ಪನೂ ನಕ್ಕ. ಮರುದಿನ ಬೆಳಗ್ಗೆ ಮಿಷನನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಪುತ್ತೂರಿಗೆ ರಿಪೇರಿಗೆ ಎಂದು ಹೇಳಿ ಬಸ್ಸು ಹತ್ತಿದ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಲ್ಲಿಯವರು ಬಿರಡೆಯ ವಿಷಯ ತಿಳಿಸಿಬಿಟ್ಟರೆ ಎಂಬ ಹೆದರಿಕೆ ನನಗೂ ಇತ್ತು. ಸಂಜೆ ಅಪ್ಪ ಹಿಂದೆ ಬಂದು ಕಂಬಳಿ ಬಿಚ್ಚುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಹಿಡಿಯುವ ಶಕ್ತಿ ಹೋಗಿದೆಯಂತೆ. ಸಾಮಾನು ಈ ದೇಶದಲ್ಲಿ ಸಿಗುದಿಲ್ಲ. ತೋರಿಸುದು ಮಾತ್ರ ತೋರಿಸ್ತದೆ.” ದೊಡ್ಡಪ್ಪ, “ಹಾಗಾದ್ರೆ ಮಕ್ಕಳು ದನ ನೋಡ್ಲಿ” ಎಂದು ಎದ್ದು ಹೋದರು. ಅಲ್ಲಿಗೆ ಮುಗಿಯಿತು. ಬೊಳ್ಳಕ್ಕ ಉಳಿದಳು. ದೊಡ್ಡಪ್ಪ ನಿವೃತ್ತರಾಗಿ ಕ್ವಾರ್ಟರ್ಸ್ ಬಿಡುವವರೆಗೂ ಅಮ್ಮ ಅವಳ ಬಾಯಿಂದ ಮಾತಾಡಿದಳು. ಸವಣೂರಿಗೆ ಬಂದ ಮೇಲೆ ಮಿಷನು ನಿಜವಾಗಿಯೂ ಹಾಳಾಗಿ ಗುಜರಿಗೆ ಹೋಯಿತು. ಕ್ಯಾಸೆಟ್ಟನ್ನು ಅಮ್ಮ ಸೀರೆಗಳ ನಡುವೆ ಇಟ್ಟುಕೊಂಡಳು. ಮಾತು ಮತ್ತೆ ಚಿಕ್ಕದಾಯಿತು.

ನಾನು ಹೆಚ್ಚು ಓದಲಿಲ್ಲ. ಬಾಲವಾಡಿಯಲ್ಲಿ ಟೀಚರಾದೆ. ಚಿತ್ರದ ಹಾಳೆ ಹಿಡಿದು, ಈ ನರಿ ಎಂತ ಹೇಳ್ತದೆ ಗೊತ್ತುಂಟಾ ಎಂದು ಮಕ್ಕಳಿಗೆ ಕೇಳುತ್ತಾ ಇಷ್ಟು ವರ್ಷ ಕಳೆದೆ. ಅದು ಎಲ್ಲಿಂದ ಬಂದದ್ದು ಎಂದು ನನಗೆ ಗೊತ್ತು. ಆ ಪಿನ್ನಿನಿಂದ ಇನ್ನೊಂದನ್ನೂ ಕಲಿತಿದ್ದೆ: ಗಂಡಸರಿಗೆ ಹೇಳಿ ಪ್ರಯೋಜನವಿಲ್ಲ, ಸದ್ದಿಲ್ಲದೆ ಮಾಡಬೇಕು ಎಂದು. ನನ್ನ ಸಂಸಾರವನ್ನೂ ಬಹುಮಟ್ಟಿಗೆ ಹಾಗೆಯೇ ನಡೆಸಿದೆ. ಅಮ್ಮ ಅಪ್ಪನನ್ನು ಗೆದ್ದಳು ಎಂದೇ ಈ ವರ್ಷದವರೆಗೆ ತಿಳಿದಿದ್ದೆ.

ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ನಮ್ಮಲ್ಲಿ ಸತ್ತವರಿಗೆ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಕೋಣೆಯೊಳಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬರಬೇಕು. ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮನೆಯ ಹಿರಿಯರು ಬಾಗಿಲ ಬಳಿ ಕೆಮ್ಮಿ ಸದ್ದು ಮಾಡಿದ ಮೇಲೆಯೇ ತೆರೆಯುವುದು. ಈ ಸಲ ಅಮ್ಮನಿಗೆ ಮೊದಲ ಎಲೆ. ಅಪ್ಪ ಈಗ ನನ್ನ ಜೊತೆಗೇ ಇದ್ದಾನೆ. ಬೆನ್ನು ಬಾಗಿದೆ, ಆದರೂ ಅಂದಿನ ಅಡಿಗೆ ತಾನೇ ಮಾಡುತ್ತೇನೆ ಎಂದು ಹಟ ಹಿಡಿದ. ಕೋಳಿ ಸಾರು, ಪತ್ರೊಡೆ, ಕುಚ್ಚಲಕ್ಕಿ ಅನ್ನ. ಎಲೆಯ ತುದಿಗೆ ವೀಳ್ಯ ಇಟ್ಟ ಮೇಲೆ ಅವನು ಒಳಗೆ ಹೋಗಿ ಸೀರೆಗಳ ನಡುವಿನಿಂದ ಬೊಳ್ಳಕ್ಕನ ಕ್ಯಾಸೆಟ್ಟನ್ನು ತಂದು ಎಲೆಯ ಪಕ್ಕದಲ್ಲಿಟ್ಟ. ಇಡುವಾಗ ಅಂಚಿನ ಬಿರಡೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

“ಇನ್ನೂ ತಳ್ಳಿದ ಹಾಗೆಯೇ ಉಂಟು,” ಎಂದ.

ನಾನು ಅವನ ಕಡೆಗೆ ತಿರುಗಿದೆ. “ನಿಮಗೆ ಗೊತ್ತಿತ್ತಾ?”

“ಆ ಇಂಜಿನಿಯರರ ಮನೆಯಲ್ಲಿ ದಿನಾ ಕ್ಯಾಸೆಟ್ ಹಾಕಿ ಕೊಡ್ತಿದ್ದದ್ದು ನಾನೇ ಅಲ್ವಾ ಮಗಾ. ಬಟನು ಒತ್ತುವ ಮೊದಲೇ ಕಂಡಿತ್ತು.”

“ಮತ್ತೆ ಪುತ್ತೂರಿಗೆ ಹೋದದ್ದು?”

“ಪುತ್ತೂರಿಗೆ ಯಾರು ಹೋದ್ರು? ಮಿಷನು ಹೋಟೆಲಿನಲ್ಲಿ ಅಕ್ಕಿ ಮೂಟೆಯ ಮೇಲೆ ಕೂತಿತ್ತು. ನಾನು ಬನ್ಸ್ ಕರಿದೆ. ಅಣ್ಣನ ಬಾಯಿ ಮುಚ್ಚಿಸ್ಲಿಕ್ಕೆ ಒಂದು ಸಲ ಬಸ್ಸು ಹತ್ತಬೇಕಿತ್ತು, ಅಷ್ಟೇ.”

“ಅಮ್ಮನಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಾಚಿಕೆ ಆಗ್ತಿತ್ತು ಅವಳಿಗೆ. ನಾನು ಕೇಳ್ತೇನೆ ಅಂತ ಗೊತ್ತಾದ್ರೆ ಮತ್ತೆ ಬಾಯಿ ಬಿಡ್ತಿರ್ಲಿಲ್ಲ. ಅಡಿಗೆಮನೆಗೆ ಎಲ್ಲ ಕೇಳ್ತಿತ್ತು.” ಅವನು ನೀರಿನ ಲೋಟವನ್ನು ಎಲೆಯ ಬಲಕ್ಕೆ ಸರಿಸಿದ. “ಸಾರಿಗೆ ಉಪ್ಪು ಕಡಿಮೆ ಅಂತ ನಾನು ಹೇಳಿದ್ದು ಒಂದೇ ಸಲ. ಅವಳು ಅದನ್ನು ಎಷ್ಟು ವರ್ಷ ಹೇಳಿದಳು ಗೊತ್ತುಂಟಾ.”

ಸುಧಾಕರ ಕ್ಯಾಸೆಟ್ಟನ್ನು ನೋಡುತ್ತಾ, “ಮಿಷನೇ ಇಲ್ಲ, ಅಮ್ಮ ಇದನ್ನು ಎಂತ ಮಾಡುದು?” ಎಂದ.

“ಅವಳಿಗೆ ಮಿಷನು ಎಂತಕ್ಕೆ?” ಎಂದ ಅಪ್ಪ.

ನಾವು ಬಾಗಿಲು ಎಳೆದುಕೊಂಡು ಹೊರಗೆ ಬಂದು ಕುಳಿತೆವು. ಒಳಗಿನ ಊಟ ತಣಿಯುವಷ್ಟು ಹೊತ್ತಾಯಿತು. ಮಕ್ಕಳು ಹಸಿದು ಒಳಗೂ ಹೊರಗೂ ಓಡಾಡಿದರು. ಕೊನೆಗೆ ನಾನೇ, “ಅಪ್ಪ, ಇನ್ನು ಕೆಮ್ಮಬಹುದಲ್ಲ?” ಎಂದೆ.

“ಇರು,” ಎಂದ ಅಪ್ಪ. “ಅವಳು ಸುರು ಮಾಡಿದ್ರೆ ಅಷ್ಟು ಬೇಗ ಮುಗಿಯುದಿಲ್ಲ.”

ಅವನು ಬಾಗಿಲಿಗೆ ಬೆನ್ನು ಕೊಟ್ಟು, ಅಡಿಗೆಮನೆಯಲ್ಲಿ ಕೂರುತ್ತಿದ್ದ ಹಾಗೆ ಮೊಣಕಾಲು ಹಿಡಿದುಕೊಂಡು ಕುಳಿತಿದ್ದ. ಕೆಮ್ಮು ಬಂದದ್ದನ್ನೂ ತಡೆದುಕೊಳ್ಳುತ್ತಿದ್ದ.